ವಯಸ್ಸಾದ ನಾಯಿಯ ಮೈಮೇಲೆ ಗಂಟು: ಕೈಗೆ ತಿಳಿಯದ್ದು ಸೂಜಿಗೆ ತಿಳಿಯುತ್ತದೆ

ಸ್ನಾನ ಮಾಡಿಸುವಾಗಲೋ, ಉಣುಗು ಹುಡುಕುವಾಗಲೋ ಕೈಗೆ ಸಿಗುತ್ತದೆ. ಪಕ್ಕೆಲುಬಿನ ಮೇಲೆ, ಕಂಕುಳಲ್ಲಿ, ಇಲ್ಲವೇ ತೊಡೆಯ ಸಂದಿನಲ್ಲಿ ಒಂದು ಗಂಟು. ನಾಯಿಗೆ ಒಂಬತ್ತೋ ಹತ್ತೋ ವರ್ಷ. ಅದು ಊಟ ಬಿಟ್ಟಿಲ್ಲ, ಗೇಟಿನ ಹತ್ತಿರ ಯಾರಾದರೂ ಸುಳಿದರೆ ಬೊಗಳುವುದನ್ನೂ ಬಿಟ್ಟಿಲ್ಲ. ಮುಟ್ಟಿದರೆ ನೋವಿನ ಸುಳಿವೂ ಇಲ್ಲ. ಮನೆಯಲ್ಲಿ ಮಾತ್ರ ಆಗಲೇ ಎರಡು ಪಕ್ಷ. ಒಬ್ಬರು ಮೊಬೈಲಿನಲ್ಲಿ ಹುಡುಕಿ, ಕ್ಯಾನ್ಸರೇ ಇರಬೇಕು ಎಂದು ಕಣ್ಣೀರು ಹಾಕುತ್ತಿರುತ್ತಾರೆ. ಇನ್ನೊಬ್ಬರು "ಮೆತ್ತಗಿದೆ, ಅಲ್ಲಾಡ್ತಿದೆ, ಕೊಬ್ಬಿನ ಗಂಟು ಅಷ್ಟೇ, ಬಿಡಿ" ಅನ್ನುತ್ತಾರೆ. ಇಬ್ಬರೂ ಹೇಳುತ್ತಿರುವುದು ಊಹೆ.

ಎರಡನೆಯವರ ಊಹೆ ಸರಿಯಾಗುವ ಸಾಧ್ಯತೆಯೇ ಜಾಸ್ತಿ. ನಾಯಿಯ ಚರ್ಮದ ಮೇಲೆ ಬರುವ ಗಂಟುಗಳಲ್ಲಿ ಅಪಾಯವಿಲ್ಲದವೇ ಹೆಚ್ಚು. ಆದರೆ ವಯಸ್ಸು ಏರಿದ ಹಾಗೆ ಲೆಕ್ಕ ಬದಲಾಗುತ್ತದೆ. ಹತ್ತು ವರ್ಷ ದಾಟಿದ ನಾಯಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟಕ್ಕೆ ದೇಹದಲ್ಲಿ ಎಲ್ಲಾದರೂ ಕ್ಯಾನ್ಸರ್ ಕಾಣಿಸಿಕೊಳ್ಳುತ್ತದೆ ಎಂದು ಅಮೆರಿಕದ ಪಶುವೈದ್ಯರ ಸಂಘ ಅಂದಾಜು ಮಾಡಿದೆ. ಹೀಗಿರುವಾಗ "ಮೆತ್ತಗಿದೆ, ಬಿಡಿ" ಅನ್ನುವ ಮಾತು ಎಷ್ಟು ನಂಬಿಕೆಗೆ ಅರ್ಹ ಅನ್ನುವುದೇ ಪ್ರಶ್ನೆ.

ನನ್ನ ಪ್ರಕಾರ ಆ ಮಾತನ್ನು ಸ್ವಲ್ಪವೂ ನಂಬಬಾರದು. ಹೇಳಿದವರು ಪಕ್ಕದ ಮನೆಯವರಾದರೂ ಅಷ್ಟೇ, ಅನುಭವಿ ಡಾಕ್ಟರಾದರೂ ಅಷ್ಟೇ. ಮುಟ್ಟಿ ನೋಡಿದರೆ ಗಂಟು ಎಷ್ಟು ದೊಡ್ಡದು, ಎಲ್ಲಿದೆ, ಕೆಳಗಿನ ಮಾಂಸಕ್ಕೆ ಅಂಟಿದೆಯೋ ಇಲ್ಲವೋ ತಿಳಿಯುತ್ತದೆ. ಒಳಗೆ ಯಾವ ಜೀವಕೋಶ ಇದೆ ಅನ್ನುವುದು ತಿಳಿಯುವುದಿಲ್ಲ. ಗಂಟಿನ ಹಣೆಬರಹ ಇರುವುದು ಆ ಜೀವಕೋಶದಲ್ಲಿ.

ಮೊದಲು, ಅದು ನಿಜವಾಗಿಯೂ ಗಂಟೇನಾ?

ಗಾಬರಿಯಾಗಿ ಬರುವವರಲ್ಲಿ ಕೆಲವರು ತೋರಿಸುವುದು ನಾಯಿಯ ಮೊಲೆತೊಟ್ಟನ್ನು. ಗಂಡು ನಾಯಿಗೂ ಹೊಟ್ಟೆಯ ಮೇಲೆ ಎರಡು ಸಾಲಿನಲ್ಲಿ ತೊಟ್ಟುಗಳಿರುತ್ತವೆ, ಅಲ್ವಾ? ಕೂದಲಿನ ಮಧ್ಯೆ ಕೈಗೆ ಸಿಕ್ಕಾಗ ನರಹುಲಿ ಅನ್ನಿಸುತ್ತದೆ. ಎದೆಮೂಳೆಯ ಕೊನೆಯಲ್ಲಿ ಒಂದು ಮೃದ್ವಸ್ಥಿಯ ತುದಿ ಇದೆ. ಸಣಕಲು ನಾಯಿಗಳಲ್ಲಿ ಅದು ಚೆನ್ನಾಗಿ ಕೈಗೆ ಸಿಗುತ್ತದೆ. ಗಂಡು ನಾಯಿ ಉದ್ರೇಕಗೊಂಡಾಗ ಶಿಶ್ನದ ಬುಡದಲ್ಲಿ ಎರಡೂ ಕಡೆ ಉಬ್ಬು ಕಾಣಿಸುತ್ತದೆ. ಅದನ್ನು ಕಂಡು ರಾತ್ರೋರಾತ್ರಿ ಆಸ್ಪತ್ರೆಗೆ ಓಡುವವರೂ ಇದ್ದಾರೆ. ಸ್ವಲ್ಪ ಹೊತ್ತಿಗೆ ಅದು ತಾನಾಗಿಯೇ ಇಳಿಯುತ್ತದೆ. ರಕ್ತ ಹೀರಿ ಉಬ್ಬಿದ ಉಣುಗನ್ನೂ ಜನ ಗಂಟು ಅಂದುಕೊಳ್ಳುವುದುಂಟು. ಕೂದಲು ಬಿಡಿಸಿ, ಬುಡದಲ್ಲಿ ಪುಟ್ಟ ಕಾಲುಗಳಿವೆಯೇ ನೋಡಿ.

ಲಸಿಕೆ ಹಾಕಿದ ಜಾಗದಲ್ಲಿ ಗಟ್ಟಿ ಉಬ್ಬು ಬಂದು ಕೆಲವು ವಾರಗಳಲ್ಲಿ ಕರಗುವುದು ಸಾಮಾನ್ಯ. ಬೇರೆ ನಾಯಿ ಕಚ್ಚಿದ ಜಾಗದಲ್ಲಿ ಒಂದೆರಡು ದಿನದಲ್ಲೇ ಎದ್ದು, ಬಿಸಿಯಾಗಿ, ಮುಟ್ಟಿದರೆ ಗುರ್ರೆನ್ನುವಷ್ಟು ನೋಯುವುದಾದರೆ ಅದು ಬಹುಶಃ ಕೀವು ತುಂಬಿದ ಬಾವು. ಕಿವಿಯ ಹಾಳೆ ಇದ್ದಕ್ಕಿದ್ದಂತೆ ದಿಂಬಿನಷ್ಟು ಉಬ್ಬಿದರೆ ಒಳಗೆ ರಕ್ತ ತುಂಬಿರುತ್ತದೆ. ನಾಯಿ ಕಿವಿ ಕೆರೆದು, ತಲೆ ಕೊಡವಿ ಮಾಡಿಕೊಂಡದ್ದು ಅದು. ಗ್ರಾನೈಟ್ ಅಥವಾ ಟೈಲ್ಸ್ ನೆಲದ ಮೇಲೆ ದಿನವಿಡೀ ಮಲಗುವ ದೊಡ್ಡ ನಾಯಿಗಳ ಮೊಣಕೈ ಮೇಲೆ ನೀರು ತುಂಬಿದ ಮೆತ್ತನೆಯ ಊತ ಬರುತ್ತದೆ. ಅದಕ್ಕೆ ಮೊದಲ ಔಷಧ ದಪ್ಪನೆಯ ಹಾಸಿಗೆ. ಮತ್ತೆ ಮತ್ತೆ ಸೂಜಿ ಹಾಕಿ ನೀರು ತೆಗೆಸಲು ಹೋದರೆ ಸೋಂಕು ತಗಲುವ ಅಪಾಯವಿದೆ.

ಇವೆಲ್ಲ ಅಲ್ಲ ಎಂದಾದ ಮೇಲೆ ಉಳಿಯುವುದು ನಿಜವಾದ ಗಂಟು.

ಕೊಬ್ಬಿನ ಗಂಟು, ಮತ್ತು ಅದರ ವೇಷದಲ್ಲಿ ಬರುವುದು

ಡಾಕ್ಟರುಗಳು ಲೈಪೋಮಾ ಅನ್ನುವುದು ಕೊಬ್ಬಿನ ಗಂಟಿಗೆ. ಲ್ಯಾಬ್ರಡಾರ್, ಡಾಬರ್‌ಮನ್, ಡ್ಯಾಶ್‌ಹಂಡ್ ನಾಯಿಗಳಲ್ಲಿ ಇದು ತುಂಬಾ ಸಾಮಾನ್ಯ. ತೂಕ ಜಾಸ್ತಿ ಇರುವ ನಾಯಿಗಳಲ್ಲಂತೂ ಒಂದಲ್ಲ, ಹತ್ತಾರು ಇರಬಹುದು. ಚರ್ಮದ ಕೆಳಗೆ ಮೆತ್ತಗೆ ಜಾರಾಡುತ್ತದೆ, ನಿಧಾನವಾಗಿ ವರ್ಷಗಟ್ಟಲೆ ಬೆಳೆಯುತ್ತದೆ. ಕಂಕುಳಲ್ಲಿ ಬೆಳೆದು ನಡಿಗೆಗೆ ಅಡ್ಡ ಬಂದರೆ ತೆಗೆಸಬೇಕು. ಇಲ್ಲದಿದ್ದರೆ ಸುಮ್ನೆ ಬಿಡಬಹುದು. ಸ್ನಾಯುಗಳ ನಡುವೆ ನುಗ್ಗಿ ಬೆಳೆಯುವ ಒಂದು ಬಗೆ ಇದೆ, ಅದು ಅಪರೂಪ. ಮುದಿ ನಾಯಿಗಳ, ಅದರಲ್ಲೂ ಕಾಕರ್ ಸ್ಪ್ಯಾನಿಯಲ್ ಮತ್ತು ಪೂಡಲ್‌ಗಳ, ಮೈಮೇಲೆ ಬರುವ ನರಹುಲಿಯಂಥ ಜಿಡ್ಡಿನ ಗುಳ್ಳೆಗಳೂ ಸಾಮಾನ್ಯವಾಗಿ ನಿರಪಾಯ. ಒಳಗೆ ಗಿಣ್ಣಿನಂಥ ಬಿಳಿ ಪದಾರ್ಥ ತುಂಬಿದ ಚೀಲಗಂಟುಗಳೂ ಹಾಗೆಯೇ. ಹಿಂಡಬಾರದು, ಅಷ್ಟೇ. ಹಿಂಡಿದರೆ ಚೀಲ ಚರ್ಮದ ಒಳಗೇ ಒಡೆದು ಉರಿ ಎದ್ದುಬಿಡುತ್ತದೆ.

ತೊಂದರೆ ಕೊಡುವುದು ಮಾಸ್ಟ್ ಸೆಲ್ ಟ್ಯೂಮರ್. ನಾಯಿಯ ಚರ್ಮಕ್ಕೆ ಬರುವ ಕ್ಯಾನ್ಸರುಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಇದೇ. ಬಾಕ್ಸರ್, ಪಗ್, ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್‌ಗಳಲ್ಲಿ ಜಾಸ್ತಿ. ಪಗ್ ಮತ್ತು ಲ್ಯಾಬ್ರಡಾರ್ ಇಲ್ಲದ ಬೀದಿ ನಮ್ಮ ಊರುಗಳಲ್ಲಿ ಈಗ ಯಾವುದಿದೆ ಹೇಳಿ? ಇದಕ್ಕೆ ತನ್ನದೇ ಆದ ರೂಪ ಅಂತ ಒಂದಿಲ್ಲ. ಕೆಂಪು ಗುಳ್ಳೆಯಾಗಿ ಬರಬಹುದು, ಸೊಳ್ಳೆ ಕಚ್ಚಿದ ಹಾಗೆ ಕಾಣಬಹುದು, ಹುಣ್ಣಾಗಿ ಒಸರಬಹುದು. ಚರ್ಮದ ಕೆಳಗೆ ಮೆತ್ತಗೆ, ಜಾರಾಡುವ ಹಾಗೆ, ಥೇಟ್ ಕೊಬ್ಬಿನ ಗಂಟಿನಂತೆಯೇ ಕೂತಿರಲೂಬಹುದು. ತಿಂಗಳುಗಟ್ಟಲೆ ಒಂದೇ ಗಾತ್ರದಲ್ಲಿದ್ದು ಆಮೇಲೆ ಒಮ್ಮೆಲೇ ಬೆಳೆದದ್ದೂ ಇದೆ.

ಇದರ ಒಂದು ಗುಣ ಮಾತ್ರ ಸುಳಿವು ಕೊಡುತ್ತದೆ. ಮಾಸ್ಟ್ ಜೀವಕೋಶಗಳ ಒಳಗೆ ಹಿಸ್ಟಮಿನ್ ತುಂಬಿದ ಸಣ್ಣ ಕಣಗಳಿರುತ್ತವೆ. ನಮಗೆ ಅಲರ್ಜಿಯಾದಾಗ ಮೈ ಕೆಂಪಾಗಿ ದದ್ದು ಏಳುವುದಕ್ಕೆ ಕಾರಣವೂ ಇದೇ ಹಿಸ್ಟಮಿನ್. ಗಂಟನ್ನು ನಾಯಿ ಕೆರೆದುಕೊಂಡರೆ, ನಾವು ಪದೇ ಪದೇ ಒತ್ತಿ ನೋಡಿದರೆ ಆ ಕಣಗಳು ಒಡೆಯುತ್ತವೆ. ಸುತ್ತಲಿನ ಚರ್ಮ ಕೆಂಪಾಗಿ, ಬೆಳಗ್ಗೆ ಚಿಕ್ಕದಿದ್ದ ಗಂಟು ಸಂಜೆಗೆ ದೊಡ್ಡದಾಗಿ, ಮರುದಿನ ಮತ್ತೆ ಇಳಿದಿರುತ್ತದೆ. "ಇಳೀತಾ ಇದೆ, ವಾಸಿಯಾಗ್ತಿದೆ" ಎಂದು ಮನೆಯವರು ನಿಟ್ಟುಸಿರು ಬಿಡುವುದು ಇಲ್ಲೇ. ಹೀಗೆ ಊದಿ ಇಳಿಯುವ ಗಂಟನ್ನು ತಡಮಾಡದೆ ತೋರಿಸಬೇಕು. ಅದೇ ಹಿಸ್ಟಮಿನ್ ರಕ್ತಕ್ಕೆ ಸೇರಿ ಹೊಟ್ಟೆಯಲ್ಲಿ ಆಮ್ಲ ಹೆಚ್ಚಿಸುತ್ತದೆ. ಹಾಗಾಗಿ ಕೆಲವು ನಾಯಿಗಳಲ್ಲಿ ವಾಂತಿ, ಟಾರಿನಂಥ ಕಪ್ಪು ಮಲ ಕಾಣಿಸುತ್ತದೆ. ಹೊಟ್ಟೆ ಕೆಟ್ಟಿದೆ ಎಂದು ಮಜ್ಜಿಗೆ ಅನ್ನ ಹಾಕುತ್ತಾ ಕೂರುತ್ತೇವೆ. ಮೂಲ ಇರುವುದು ತೊಡೆಯ ಮೇಲಿನ ಗಂಟಿನಲ್ಲಿ.

ಇಷ್ಟಾದರೂ ಮಾಸ್ಟ್ ಸೆಲ್ ಅಂದ ಕೂಡಲೇ ಕೈಚೆಲ್ಲಬೇಕಾಗಿಲ್ಲ. ನ್ಯೂಯಾರ್ಕಿನ ಪಟ್ನಾಯಕ್ ಮತ್ತು ಸಂಗಡಿಗರು 83 ನಾಯಿಗಳ ಗಂಟುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ 1984ರಲ್ಲಿ, ಎಷ್ಟು ಉಗ್ರ ಅನ್ನುವುದರ ಮೇಲೆ, ಮೂರು ದರ್ಜೆ ಮಾಡಿದರು. 2011ರಲ್ಲಿ ಕ್ಯೂಪೆಲ್ ತಂಡ ಅದನ್ನು ಎರಡೇ ದರ್ಜೆಗೆ ಇಳಿಸಿತು. ಕೆಳ ದರ್ಜೆಯ ಗಂಟಿದ್ದ ನಾಯಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಎರಡು ವರ್ಷ ದಾಟಿ ಬದುಕಿದ್ದವು. ಮೇಲಿನ ದರ್ಜೆಯವುಗಳಲ್ಲಿ ಅರ್ಧದಷ್ಟು ನಾಲ್ಕು ತಿಂಗಳೊಳಗೆ ಸತ್ತಿದ್ದವು. ಒಂದೇ ಹೆಸರಿನ ಕಾಯಿಲೆಯಲ್ಲಿ ಇಷ್ಟು ಅಂತರ. ಕೆಳ ದರ್ಜೆಯದನ್ನು ಚಿಕ್ಕದಿದ್ದಾಗಲೇ ಸುತ್ತ ಸುಮಾರು 2 ಸೆಂ.ಮೀ. ಒಳ್ಳೆಯ ಚರ್ಮವನ್ನೂ ಸೇರಿಸಿ ತೆಗೆದರೆ ಬಹಳಷ್ಟು ನಾಯಿಗಳಿಗೆ ಆಪರೇಷನ್ ಒಂದೇ ಸಾಕಾಗುತ್ತದೆ.

ಚಿಕ್ಕದಿದ್ದಾಗಲೇ ಅನ್ನುವ ಮಾತಿನ ಹಿಂದೆ ಒಂದು ಸರಳ ಗಣಿತ ಇದೆ. ಗಂಟಿನ ಅಡ್ಡಗಲ 1 ಸೆಂ.ಮೀ. ಇದ್ದದ್ದು 2 ಆದರೆ ಒಳಗಿನ ಸರಕು ಎರಡು ಪಟ್ಟಲ್ಲ, ಎಂಟು ಪಟ್ಟಾಗುತ್ತದೆ. ಅದನ್ನು ತೆಗೆಯಲು ಕತ್ತರಿಸಬೇಕಾದ ಚರ್ಮವೂ ಹೆಚ್ಚುತ್ತದೆ. ಬೆನ್ನಿನ ಮೇಲಾದರೆ ಚರ್ಮ ಸಡಿಲ, ಎಳೆದು ಹೊಲಿಯಬಹುದು. ಮುಂಗಾಲಿನ ಕೆಳಭಾಗದಲ್ಲಿ ಎಳೆಯಲು ಚರ್ಮವೇ ಇರುವುದಿಲ್ಲ. ಅಲ್ಲಿ ಬಟಾಣಿಯಷ್ಟಿದ್ದಾಗ ಸುಲಭವಾಗಿ ಆಗುತ್ತಿದ್ದ ಕೆಲಸ, ನಿಂಬೆಹಣ್ಣಿನಷ್ಟಾದಾಗ ಕಾಲು ಉಳಿಸುವುದೋ ತೆಗೆಯುವುದೋ ಅನ್ನುವಲ್ಲಿಗೆ ಬಂದು ನಿಲ್ಲಬಹುದು.

ಸೂಜಿ ಪರೀಕ್ಷೆ ಅಂದರೆ ಇಷ್ಟೇ

ಆಸ್ಪತ್ರೆಗಳಲ್ಲಿ ಇದನ್ನು ಎಫ್‌ಎನ್‌ಎಸಿ ಅನ್ನುತ್ತಾರೆ. ಬಹುಪಾಲು ನಾಯಿಗಳಿಗೆ ಅರಿವಳಿಕೆಯೂ ಬೇಡ, ಕೂದಲು ಬೋಳಿಸುವುದೂ ಬೇಡ. ಮನೆಯವರು ನಾಯಿಯ ತಲೆ ಹಿಡಿದು ಮಾತಾಡಿಸುತ್ತಿರುತ್ತಾರೆ. ಡಾಕ್ಟರು ಗಂಟನ್ನು ಎರಡು ಬೆರಳ ನಡುವೆ ಬಿಗಿಯಾಗಿ ನಿಲ್ಲಿಸಿ, 22 ಅಥವಾ 23 ಗೇಜಿನ ಸೂಜಿ ಚುಚ್ಚಿ ನಾಲ್ಕಾರು ಸಲ ಒಳಗೇ ಹಿಂದೆ ಮುಂದೆ ಆಡಿಸುತ್ತಾರೆ. ಲಸಿಕೆ ಹಾಕುವ ಸೂಜಿಯೂ ಸುಮಾರಾಗಿ ಇಷ್ಟೇ ಗಾತ್ರದ್ದು. ಜೀವಕೋಶಗಳು ಸೂಜಿಯ ಟೊಳ್ಳಿನೊಳಗೆ ಸೇರುತ್ತವೆ. ಹೊರಗೆ ತೆಗೆದು, ಗಾಳಿ ತುಂಬಿದ ಸಿರಿಂಜಿಗೆ ಸಿಕ್ಕಿಸಿ, ಗಾಜಿನ ಸ್ಲೈಡಿನ ಮೇಲೆ ಪುಸ್ಸೆಂದು ಊದುತ್ತಾರೆ. ಇನ್ನೊಂದು ಸ್ಲೈಡನ್ನು ಮೇಲಿಟ್ಟು ಜಾರಿಸಿ ತೆಳ್ಳಗೆ ಹರಡುತ್ತಾರೆ.

ಆ ಕ್ಷಣದಲ್ಲೇ ಕೆಲವು ಸಲ ಅರ್ಧ ಉತ್ತರ ಕಾಣುತ್ತದೆ. ಕೊಬ್ಬಿನ ಗಂಟಾದರೆ ಸ್ಲೈಡಿನ ಮೇಲೆ ಬೀಳುವುದು ಬೋಂಡಾ ಕಟ್ಟಿದ ಪೇಪರಿನ ಮೇಲಿನ ಜಿಡ್ಡಿನಂಥ ಹನಿಗಳು. ಎಷ್ಟು ಹೊತ್ತಾದರೂ ಒಣಗುವುದಿಲ್ಲ. ಬಣ್ಣ ಹಾಕಲು ಸ್ಪಿರಿಟ್ಟಿನಂಥ ದ್ರಾವಣದಲ್ಲಿ ಅದ್ದಿದರೆ ಕರಗಿ ಸ್ಲೈಡೇ ಖಾಲಿಯಾಗುವುದೂ ಉಂಟು. ಮಾಸ್ಟ್ ಸೆಲ್ ಆದರೆ, ಬಣ್ಣ ಹಾಕಿದ ಮೇಲೆ ಗುಂಡನೆಯ ಜೀವಕೋಶಗಳ ತುಂಬಾ ನೇರಳೆ ಚುಕ್ಕಿಗಳು. ಒಮ್ಮೆ ನೋಡಿದವರಿಗೆ ಮರೆಯುವುದಿಲ್ಲ. ಇವೆರಡನ್ನೂ ಬೇರ್ಪಡಿಸಲು ಸೂಜಿಯಷ್ಟು ಸುಲಭದ ದಾರಿ ಇನ್ನೊಂದಿಲ್ಲ. ಖರ್ಚೂ ಆಪರೇಷನ್ನಿನ ಮುಂದೆ ಏನೇನೂ ಅಲ್ಲ.

ಎಲ್ಲ ಗಂಟುಗಳೂ ಹೀಗೆ ಬಾಯಿಬಿಡುವುದಿಲ್ಲ. ಮಾಂಸಖಂಡ, ನರ, ಅವುಗಳ ಸುತ್ತಲಿನ ಅಂಗಾಂಶದಿಂದ ಹುಟ್ಟುವ ಸಾರ್ಕೋಮಾ ಎಂಬ ಕ್ಯಾನ್ಸರುಗಳು ಜೀವಕೋಶಗಳನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಸೂಜಿಯಲ್ಲಿ ಬರೀ ರಕ್ತ ಬರಬಹುದು. ಆಗ ವರದಿಯಲ್ಲಿ "ಏನೂ ಸಿಗಲಿಲ್ಲ" ಎಂದು ಬರೆದರೆ ಅದನ್ನು "ಏನೂ ಇಲ್ಲ" ಎಂದು ಓದಬಾರದು. ಇನ್ನೊಮ್ಮೆ ಸೂಜಿ ಹಾಕಬೇಕು, ಇಲ್ಲವೇ ಸಣ್ಣ ತುಂಡು ತೆಗೆದು ಬಯಾಪ್ಸಿ ಮಾಡಿಸಬೇಕು.

"ಸೂಜಿ ತಾಗಿಸಿದ್ರೆ ಕ್ಯಾನ್ಸರ್ ಹರಡುತ್ತಂತಲ್ಲ ಡಾಕ್ಟ್ರೇ?" ಈ ಪ್ರಶ್ನೆ ಕೇಳದ ಮನೆಯವರೇ ಇಲ್ಲ. ಚರ್ಮದ ಗಂಟುಗಳಲ್ಲಿ ಹಾಗಾಗುವುದು ತೀರಾ ಅಪರೂಪ. ಮೂತ್ರಕೋಶದ ಒಂದು ಬಗೆಯ ಕ್ಯಾನ್ಸರಿನಲ್ಲಿ ಹೊಟ್ಟೆಯ ಮೂಲಕ ಸೂಜಿ ಹಾಕುವಾಗ ಆ ಭಯ ಇದೆ. ಹಾಗಾಗಿ ಅಲ್ಲಿ ಡಾಕ್ಟರುಗಳೇ ಬೇರೆ ದಾರಿ ಹಿಡಿಯುತ್ತಾರೆ. ಮೈಮೇಲಿನ ಗಂಟಿಗೆ ಆ ಭಯವನ್ನು ತಂದು ಅಂಟಿಸಬೇಕಾಗಿಲ್ಲ.

ಯಾವಾಗ ಸೂಜಿ ಹಾಕಿಸಬೇಕು? ಅಮೆರಿಕದ ಪಶು ಕ್ಯಾನ್ಸರ್ ತಜ್ಞೆ ಸೂ ಎಟಿಂಗರ್ ಹೇಳಿಕೊಡುವ ಅಳತೆ ನೆನಪಿಡಲು ಸುಲಭ. ಗಂಟು ಬಟಾಣಿಯಷ್ಟು, ಅಂದರೆ ಸುಮಾರು 1 ಸೆಂ.ಮೀ. ಇದ್ದರೆ, ಅಥವಾ ಕಾಣಿಸಿಕೊಂಡು ಒಂದು ತಿಂಗಳಾಗಿದ್ದರೆ ಹಾಕಿಸಿ. ನಾನು ಇದಕ್ಕೆ ಒಂದನ್ನು ಸೇರಿಸುತ್ತೇನೆ: ಪ್ರತಿ ಗಂಟಿಗೂ ಅದರದೇ ಸೂಜಿ. ಹತ್ತು ಗಂಟು ಕೊಬ್ಬಿನದೆಂದು ಖಾತ್ರಿಯಾದ ಲ್ಯಾಬ್ರಡಾರಿನ ಹನ್ನೊಂದನೆಯದು ಬೇರೆಯೇ ಆಗಿರಬಹುದು. ಮೈಯ ನಕ್ಷೆಯೊಂದನ್ನು ಕಾಗದದ ಮೇಲೆ ಬರೆದು, ಗಂಟಿರುವ ಕಡೆ ಗುರುತು ಮಾಡಿ, ಪಕ್ಕದಲ್ಲಿ ತಾರೀಕು ಮತ್ತು ಅಳತೆ ಹಾಕಿಡಿ. ಸ್ಕೇಲ್ ಪಕ್ಕದಲ್ಲಿಟ್ಟು ಮೊಬೈಲಿನಲ್ಲಿ ಫೋಟೋ ತೆಗೆದರೂ ಆಯಿತು. "ಸ್ವಲ್ಪ ದೊಡ್ಡದಾಗಿದೆ ಅನ್ಸುತ್ತೆ" ಅನ್ನುವುದಕ್ಕಿಂತ ಅದು ಡಾಕ್ಟರಿಗೆ ಎಷ್ಟೋ ಉಪಯೋಗ.

ಹೆಣ್ಣು ನಾಯಿಯ ಮೊಲೆಸಾಲು

ಇದನ್ನು ಬೇರೆಯಾಗಿ ಹೇಳಲೇಬೇಕು. ಯಾಕೆಂದರೆ ನಮ್ಮಲ್ಲಿ ಸಾಕಿದ ಹೆಣ್ಣು ನಾಯಿಗೆ ಸಂತಾನಹರಣ ಆಪರೇಷನ್ ಮಾಡಿಸದೆ ಬಿಡುವವರು ಈಗಲೂ ತುಂಬಾ ಜನ. ಅಂಥ ನಾಯಿಗೆ ವಯಸ್ಸಾದಾಗ ಮೊಲೆಯಲ್ಲಿ ಗಂಟು ಬರುವುದು ಅಪರೂಪವಲ್ಲ. ಸಾಮಾನ್ಯವಾಗಿ ಐದು ಜೋಡಿ ಮೊಲೆಗಳಲ್ಲಿ ಹಿಂದಿನ ಎರಡು ಜೋಡಿಯಲ್ಲೇ ಹೆಚ್ಚು. ಅಕ್ಕಿಕಾಳಿನಷ್ಟು ಗಟ್ಟಿಯಾಗಿ ಶುರುವಾಗುತ್ತದೆ. ಹೀಗೆ ಬಂದ ಗಂಟುಗಳಲ್ಲಿ ಸುಮಾರು ಅರ್ಧದಷ್ಟು ಕ್ಯಾನ್ಸರ್. ಗಾತ್ರ ಇಲ್ಲಿ ಭವಿಷ್ಯ ಹೇಳುತ್ತದೆ. 3 ಸೆಂ.ಮೀ. ಒಳಗಿರುವಾಗ ತೆಗೆಸಿದ ನಾಯಿಗಳ ಪರಿಸ್ಥಿತಿ, 5 ದಾಟಿದವುಗಳಿಗಿಂತ ಬಹಳ ಒಳ್ಳೆಯದು.

ಮೊದಲ ಸಲ ಬೆದೆಗೆ ಬರುವ ಮುಂಚೆಯೇ ಆಪರೇಷನ್ ಮಾಡಿಸಿದರೆ ಈ ಅಪಾಯ 0.5 ಶೇಕಡಕ್ಕೆ, ಒಂದು ಬೆದೆ ಆದ ಮೇಲಾದರೆ 8ಕ್ಕೆ, ಎರಡಾದ ಮೇಲೆ 26ಕ್ಕೆ ಇಳಿಯುತ್ತದೆ ಎಂಬ ಅಂಕಿಗಳು ಎಲ್ಲ ಕಡೆ ಓಡಾಡುತ್ತವೆ. ಇವು 1969ರ ಒಂದು ಅಮೆರಿಕದ ಅಧ್ಯಯನದವು. ಆಪರೇಷನ್ ಆಗದ ನಾಯಿಯ ಅಪಾಯವನ್ನು 100 ಎಂದು ಇಟ್ಟುಕೊಂಡು ಮಾಡಿದ ಹೋಲಿಕೆ ಅದು. ನೂರು ನಾಯಿಗಳಲ್ಲಿ 26ಕ್ಕೆ ಕ್ಯಾನ್ಸರ್ ಬರುತ್ತದೆ ಎಂದು ಓದಿಕೊಳ್ಳುವವರು ಇದ್ದಾರೆ, ಅದು ತಪ್ಪು. 2012ರಲ್ಲಿ ಲಂಡನ್ನಿನ ಪಶುವೈದ್ಯ ಸಂಶೋಧಕರು ಹಳೆಯ ಅಧ್ಯಯನಗಳನ್ನೆಲ್ಲ ಜಾಲಾಡಿ, ಈ ಸಾಕ್ಷ್ಯ ಅಷ್ಟೇನೂ ಗಟ್ಟಿಯಿಲ್ಲ ಎಂದರು. ದಿಕ್ಕು ಸರಿ ಇರಬಹುದು, ಅಂಕಿಗಳನ್ನು ಶಾಸನದಂತೆ ಹಿಡಿಯಬೇಕಾಗಿಲ್ಲ.

ಗಂಡು ನಾಯಿಯದು ಬೇರೆ ಕತೆ. ಬೀಜ ತೆಗೆಸದ ಮುದಿ ಗಂಡಿನ ಗುದದ್ವಾರದ ಸುತ್ತ ಬರುವ ಗಂಟುಗಳು ಹೆಚ್ಚಾಗಿ ಹಾರ್ಮೋನಿನಿಂದ ಬೆಳೆಯುವ ನಿರಪಾಯದವು. ಬೀಜ ತೆಗೆಸಿದರೆ ಎಷ್ಟೋ ಸಲ ಅವೇ ಕುಗ್ಗುತ್ತವೆ. ಆದರೆ ಗುದದ ಪಕ್ಕದ ಚೀಲದೊಳಗೆ ಗಟ್ಟಿ ಗಂಟಿದ್ದು, ನಾಯಿ ವಿಪರೀತ ನೀರು ಕುಡಿಯುತ್ತಿದ್ದರೆ ರಕ್ತದಲ್ಲಿ ಕ್ಯಾಲ್ಸಿಯಂ ನೋಡಿಸಬೇಕು. ಅಲ್ಲಿನ ಒಂದು ಕ್ಯಾನ್ಸರ್ ಅದನ್ನು ಏರಿಸುತ್ತದೆ.

ಬೀದಿ ನಾಯಿಗಳಲ್ಲಿ, ಅವುಗಳ ಜೊತೆ ಕೂಡಿದ ಸಾಕುನಾಯಿಗಳಲ್ಲಿ, ಜನನಾಂಗದ ಮೇಲೆ ಹೂಕೋಸಿನ ಹಾಗೆ ಕೆಂಪಗೆ ಬೆಳೆದು ರಕ್ತ ತೊಟ್ಟಿಕ್ಕುವ ಗಡ್ಡೆ ನಮ್ಮಲ್ಲಿ ಸಾಮಾನ್ಯ. ಟಿವಿಟಿ ಅನ್ನುತ್ತಾರೆ. ಇದು ನಾಯಿಯಿಂದ ನಾಯಿಗೆ ಅಂಟುವ ಕ್ಯಾನ್ಸರ್. ವೈರಸ್ಸಿನಿಂದಲ್ಲ, ಕ್ಯಾನ್ಸರಿನ ಜೀವಕೋಶಗಳೇ ಒಂದರ ಮೈಯಿಂದ ಇನ್ನೊಂದರ ಮೈಗೆ ದಾಟಿ ಬೇರೂರುತ್ತವೆ. ರಷ್ಯಾದ ಪಶುವೈದ್ಯ ನೊವಿನ್‌ಸ್ಕಿ 1876ರಲ್ಲಿ ಗಡ್ಡೆಯ ತುಂಡನ್ನು ಇನ್ನೊಂದು ನಾಯಿಗೆ ಕಸಿ ಮಾಡಿ ಇದನ್ನು ತೋರಿಸಿದ್ದರು. ಇಂದು ಜಗತ್ತಿನ ಎಲ್ಲ ಟಿವಿಟಿ ಗಡ್ಡೆಗಳೂ ಸಾವಿರಾರು ವರ್ಷ ಹಿಂದೆ ಸತ್ತ ಒಂದೇ ನಾಯಿಯ ಜೀವಕೋಶಗಳ ಸಂತತಿ. ನೋಡಲು ಭಯಂಕರವಾದರೂ ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ. ವಾರಕ್ಕೊಂದರಂತೆ ನಾಲ್ಕರಿಂದ ಆರು ವಿನ್‌ಕ್ರಿಸ್ಟಿನ್ ಇಂಜೆಕ್ಷನ್ ಕೊಟ್ಟರೆ ಬಹಳಷ್ಟು ನಾಯಿಗಳಲ್ಲಿ ಪೂರ್ತಿ ಕರಗುತ್ತದೆ. ಈ ಔಷಧ ಮೊದಲು ಸಿಕ್ಕಿದ್ದು ನಮ್ಮ ಅಂಗಳದ ನಿತ್ಯಪುಷ್ಪದಿಂದ, ಕಾಶಿ ಕಣಗಿಲೆ ಅಂತಲೂ ಕರೆಯುತ್ತೇವಲ್ಲ, ಅದೇ. ಹಾಗಂತ ಎಲೆ ಅರೆದು ಕುಡಿಸಲು ಹೋಗಬೇಡಿ, ಗಿಡ ವಿಷ.

ಕಾಯಬಾರದ ಗಂಟುಗಳು

ದವಡೆಯ ಕೆಳಗೆ, ಭುಜದ ಮುಂದೆ, ಹಿಂಗಾಲಿನ ಮಂಡಿಯ ಹಿಂದೆ ಎರಡೂ ಬದಿ ಒಂದೇ ಸಮ ಗಂಟುಗಳು ಎದ್ದರೆ ಅವು ದುಗ್ಧಗ್ರಂಥಿಗಳು. ಲಿಂಫೋಮಾ, ಅಂದರೆ ಆ ಗ್ರಂಥಿಗಳ ಕ್ಯಾನ್ಸರ್, ಇರಬಹುದು. ಅದಕ್ಕೆ ಚಿಕಿತ್ಸೆಯಿಲ್ಲದಿದ್ದರೆ ಸಾಮಾನ್ಯವಾಗಿ ಒಂದೆರಡು ತಿಂಗಳು, ಪೂರ್ತಿ ಕೀಮೋ ಕೊಟ್ಟರೆ ಸುಮಾರು ಒಂದು ವರ್ಷ. ಆದರೆ ನಮ್ಮಲ್ಲಿ ಉಣುಗಿನಿಂದ ಬರುವ ಜ್ವರದಲ್ಲೂ ಈ ಗ್ರಂಥಿಗಳು ಊದುತ್ತವೆ. ಅದು ಮಾತ್ರೆಗೆ ವಾಸಿಯಾಗುವಂಥದ್ದು. ಎರಡರ ನಡುವೆ ಎಷ್ಟು ವ್ಯತ್ಯಾಸ ನೋಡಿ.

ಬಾಯೊಳಗಿನ ಗಂಟು, ಜೊತೆಗೆ ವಾಸನೆ. ಕುಂಟುತ್ತಿರುವ ದೊಡ್ಡ ನಾಯಿಯ ಮೂಳೆಯ ಮೇಲಿನ ಗಟ್ಟಿ ಊತ. ಉಗುರುಸುತ್ತು ಎಂದು ವಾರಗಟ್ಟಲೆ ಮುಲಾಮು ಹಚ್ಚಿದರೂ ಆರದ ಒಂದೇ ಬೆರಳು. ಒಡೆದು ರಕ್ತ ಬರುವುದು, ವಾರದಿಂದ ವಾರಕ್ಕೆ ಬೆಳೆಯುವುದು. ಇವಕ್ಕೆ ತಿಂಗಳ ಗಡುವೂ ಬೇಡ.

ಈ ಹಂತದಲ್ಲಿ ಮನೆಮದ್ದುಗಳು ಕೆಲಸ ಕೆಡಿಸುತ್ತವೆ. ಸುಣ್ಣ ಬೆಲ್ಲ ಕಲಸಿ ಹಚ್ಚುವುದು, ಬುಡಕ್ಕೆ ಕುದುರೆ ಕೂದಲು ಬಿಗಿಯುವುದು, ಬರೆ ಎಳೆಯುವುದು, ಇದರಿಂದೆಲ್ಲ ಗಂಟಿನ ಮೇಲೆ ಹುಣ್ಣಾಗುತ್ತದೆ. ಒಳಗಿನದು ಹಾಗೇ ಇರುತ್ತದೆ. ಅದಕ್ಕಿಂತ ಕೆಟ್ಟದ್ದು, ಏನೆಂದು ತಿಳಿಯುವ ಮುಂಚೆಯೇ ಊತ ಇಳಿಯಲೆಂದು ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಕೊಡುವುದು. ಲಿಂಫೋಮಾ, ಮಾಸ್ಟ್ ಸೆಲ್ ಎರಡೂ ಸ್ಟೀರಾಯ್ಡಿಗೆ ತಾತ್ಕಾಲಿಕವಾಗಿ ಕುಗ್ಗುತ್ತವೆ. ಆಮೇಲೆ ಸೂಜಿ ಹಾಕಿದರೆ ಚಿತ್ರ ಮಸುಕಾಗಿರುತ್ತದೆ. ಲಿಂಫೋಮಾ ಆದರೆ ಮುಂದಿನ ಕೀಮೋಗೂ ಸರಿಯಾಗಿ ಬಗ್ಗುವುದಿಲ್ಲ. ನೋವಿಗೆಂದು ಮನೆಯಲ್ಲಿರುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೊಡುವುದಂತೂ ಹೊಟ್ಟೆಯಲ್ಲಿ ಹುಣ್ಣು ಮಾಡಿ, ಕಿಡ್ನಿ ಕೆಡಿಸಿ ಪ್ರಾಣ ತೆಗೆಯಬಹುದು.

"ವಯಸ್ಸಾಯ್ತು, ಅರಿವಳಿಕೆ ತಡಕೊಳ್ಳತ್ತಾ?" ವಯಸ್ಸನ್ನಷ್ಟೇ ನೋಡಿ ಉತ್ತರ ಹೇಳಲಾಗದು. ರಕ್ತ ಪರೀಕ್ಷೆ, ಎದೆಯ ಎಕ್ಸ್‌ರೇ, ಹೃದಯದ ತಪಾಸಣೆ ಮಾಡಿ ಹೇಳಬೇಕು. ಹನ್ನೆರಡರ ಗಟ್ಟಿಮುಟ್ಟಾದ ನಾಯಿ, ಕಿಡ್ನಿ ಸೋತ ಏಳು ವರ್ಷದ ನಾಯಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ. ಮುಧೋಳ ನಾಯಿ ಸಾಕಿರುವವರು ಒಂದು ಮಾತು ಮೊದಲೇ ಹೇಳಿ. ಮೈಯಲ್ಲಿ ಕೊಬ್ಬು ಕಡಿಮೆ ಇರುವ ಬೇಟೆ ತಳಿಗಳು ಥಯೋಪೆಂಟೋನ್‌ನಂಥ ಅರಿವಳಿಕೆಯಿಂದ ಏಳುವುದು ತುಂಬಾ ತಡ. ಬೇರೆ ಔಷಧಗಳಿವೆ.

ಎಲ್ಲ ತಿಳಿದ ಮೇಲೆ ಆಪರೇಷನ್ ಬೇಡ ಅನ್ನುವುದೂ ಒಂದು ಸರಿಯಾದ ತೀರ್ಮಾನವೇ. ಹದಿನಾಲ್ಕರ ನಾಯಿ, ಹೃದಯ ದುರ್ಬಲ, ಗಂಟು ನಿಧಾನದ್ದು ಎಂದಾದರೆ ನೋವಿಗೆ ಔಷಧ ಕೊಟ್ಟು ಚೆನ್ನಾಗಿ ನೋಡಿಕೊಂಡರೆ ಸಾಕು. ಏನೆಂದು ನೋಡದೆಯೇ ಬೇಡ ಅನ್ನುವುದಕ್ಕೆ ಮಾತ್ರ ನನ್ನ ತಕರಾರು.

ಆಪರೇಷನ್ ಮಾಡಿಸಿದಿರೋ, ತೆಗೆದ ಗಂಟನ್ನು ಕಸಕ್ಕೆ ಹಾಕಲು ಬಿಡಬೇಡಿ. ಹಿಸ್ಟೋಪೆಥಾಲಜಿಗೆ, ಅಂದರೆ ತುಂಡನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆಗೆ, ಕಳಿಸಲು ಕೇಳಿ. ಯಾವ ದರ್ಜೆ, ಅಂಚಿನವರೆಗೂ ಕ್ಯಾನ್ಸರ್ ಜೀವಕೋಶ ಇದೆಯೋ ಇಲ್ಲವೋ ಅನ್ನುವುದು ಆ ವರದಿಯಲ್ಲಷ್ಟೇ ಸಿಗುತ್ತದೆ. ಬೆಂಗಳೂರಿನವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿದೆ. ಬೀದರ್, ಶಿವಮೊಗ್ಗ, ಹಾಸನದಲ್ಲೂ ಕಾಲೇಜುಗಳಿವೆ. ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಸೂಕ್ಷ್ಮದರ್ಶಕ ಇಲ್ಲದಿದ್ದರೂ ಸೂಜಿ ಹಾಕಿ ಸ್ಲೈಡ್ ಮಾಡಲು ಅಡ್ಡಿಯಿಲ್ಲ. ಗಾಳಿಗೆ ಒಣಗಿಸಿ, ನಾಯಿಯ ಹೆಸರು, ವಯಸ್ಸು, ಗಂಟಿನ ಜಾಗ ಬರೆದು ಡಬ್ಬಿಯಲ್ಲಿ ಕೊರಿಯರ್ ಮಾಡಿದರೆ ಲ್ಯಾಬಿನವರು ಓದುತ್ತಾರೆ. ಮಾಂಸದ ತುಂಡಿರುವ ಫಾರ್ಮಲಿನ್ ಬಾಟಲಿಯನ್ನು ಮಾತ್ರ ಆ ಸ್ಲೈಡುಗಳ ಜೊತೆ ಒಂದೇ ಪೊಟ್ಟಣದಲ್ಲಿ ಕಟ್ಟಬೇಡಿ. ಮುಚ್ಚಳ ಬಿಗಿಯಾಗಿದ್ದರೂ ಅದರ ಆವಿ ಸೋರಿ ಜೀವಕೋಶಗಳಿಗೆ ಬಣ್ಣ ಹಿಡಿಯದ ಹಾಗೆ ಮಾಡುತ್ತದೆ. ಆಗ ಮತ್ತೆ ಮೊದಲಿಂದ ಸೂಜಿ ಹಾಕಬೇಕಾಗುತ್ತದೆ.